ಮೇಲೆ ಧಾಟಿ, ಕೆಳಗೆ ಅಂಕಿತ

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಆಟ ಎಂಬ ಮಾತಿಗೆ ಎರಡು ಅರ್ಥ. ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಗೀಚಿ ಕವಡಿ ಒಗೆಯುವುದೂ ಆಟ, ರಾತ್ರಿ ಹತ್ತಕ್ಕೆ ಸುರುವಾಗಿ ಬೆಳ್ಳಿ ಮೂಡುವತನಕ ನಡೆಯುವ ಸಂಗ್ಯಾ-ಬಾಳ್ಯಾ ಕೂಡ ಆಟ. "ಆಟಕ್ಕ ಹೊಂಟೇನಿ" ಎಂದು ಯಾರಾದರೂ ಅಂದರೆ ಯಾವ ಆಟಕ್ಕೆ ಎಂದು ಕೇಳಿಕೊಳ್ಳಬೇಕಾಗುತ್ತದೆ. ನಾಲ್ಕಕ್ಷರ ಓದಿದ ನಾವು ಒಂದನ್ನು ಗೇಮ್ ಎಂದೂ ಇನ್ನೊಂದನ್ನು ನಾಟಕ ಎಂದೂ ಕರೆದು ಎರಡು ಬೇರೆ ಗೂಟಗಳಿಗೆ ಕಟ್ಟಿದೆವು. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ ಒಂದು ಬಗೆಯ ಆಟ ಅವೆರಡನ್ನೂ ಮತ್ತೆ ಒಂದೇ ಗೂಟಕ್ಕೆ ತಂದು ಕಟ್ಟಿದೆ. ಅದರ ಜೊತೆಗೇ ಒಂದು ಜಗಳವನ್ನೂ ತಂದಿದೆ: ಒಬ್ಬನು ಹಾಕಿದ ಚೌಕಟ್ಟಿನಲ್ಲಿ ಇನ್ನೊಬ್ಬನು ಕಥೆ ಕಟ್ಟಿದರೆ ಆ ಕಥೆ ಯಾರದು? ಜಗಳ ಸಮುದ್ರದಾಚೆಯದು, ನಮಗೇಕೆ ಎನ್ನುವವರಿದ್ದಾರೆ. ನಮಗೆ ಬೇಕು. ಇದೇ ಜಗಳ ನಮ್ಮ ಊರುಗಳಲ್ಲಿ ಸದ್ದಿಲ್ಲದೆ ನಡೆದಿದೆ, ಸೋಲುತ್ತಿರುವವರು ನಮ್ಮವರೇ. ಆದ್ದರಿಂದ ನಾನು ಇಲ್ಲಿ ನಡುವೆ ನಿಂತು ನ್ಯಾಯ ಹೇಳಲು ಹೊರಟಿಲ್ಲ. ನನ್ನದು ಒಂದು ಪಕ್ಷವಿದೆ, ಅದನ್ನು ವಾದಿಸುತ್ತೇನೆ.

ಮೊದಲು ಆ ಆಟದ ವಿಷಯ. ಅದರ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು ಕಟ್ಟಿದರು. ಆಮೇಲೆ ಅದೇ ಜಾತಿಯ ನೂರಾರು ಆಟಗಳು ಬಂದವು. ಒಂದು ಮೇಜಿನ ಸುತ್ತ ನಾಲ್ಕೈದು ಜನ ಕೂಡುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ವಹಿಸುತ್ತಾರೆ. ಬಾಯಿಪಾಠದ ಮಾತಿಲ್ಲ, ಬಣ್ಣ ಬಳಿದುಕೊಳ್ಳಬೇಕಾಗಿಲ್ಲ. ನಡೆಸುವವ "ಕೋಟೆಯ ಬಾಗಿಲು ಹಾಕಿದೆ, ಮೇಲೆ ಕಾವಲಿನವ ನಿಂತಿದ್ದಾನೆ, ಏನು ಮಾಡುತ್ತೀ?" ಎನ್ನುತ್ತಾನೆ. ಪಾತ್ರಧಾರಿ ತನಗೆ ತಿಳಿದಂತೆ ಉತ್ತರ ಕೊಡುತ್ತಾನೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಗೆದ್ದವ ಸೋತವ ಎಂಬುದಿಲ್ಲ, ಕಥೆ ಎಲ್ಲಿಗೆ ಹೋಯಿತೋ ಅಲ್ಲಿಗೆ ಆಟ.

ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನು ಇದನ್ನೆಲ್ಲ ನನಗೆ ವಿವರಿಸಿದಾಗ ನನಗೆ ಹೊಸದೆನಿಸಲಿಲ್ಲ. ನಮ್ಮ ದೊಡ್ಡಾಟದಲ್ಲಿ ಸಾರಥಿ ಮಾಡುವುದು ಇದನ್ನೇ. ರಂಗಕ್ಕೆ ಬಂದ ಪ್ರತಿಯೊಬ್ಬ ರಾಜನನ್ನೂ ಅವನು ತಡೆದು ನಿಲ್ಲಿಸುತ್ತಾನೆ. ನೀವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಕೃಷ್ಣ ಪಾರಿಜಾತದಲ್ಲಿ ದೂತಿ ಹೀಗೆಯೇ ಕೇಳಿ ಕೇಳಿ ಪಾತ್ರದ ಬಾಯಿ ಬಿಡಿಸುತ್ತಾಳೆ. ಸಣ್ಣಾಟದಲ್ಲಿ ಹಾಡು ಕಟ್ಟಿಟ್ಟದ್ದು, ಮಾತು ಮಾತ್ರ ಪಾತ್ರಧಾರಿಯ ಜಾಣತನಕ್ಕೆ ಬಿಟ್ಟದ್ದು. ಒಂದೇ ಸಂಗ್ಯಾ-ಬಾಳ್ಯಾ ಒಂದು ಊರಿನಲ್ಲಿ ನಾಲ್ಕು ತಾಸಿಗೆ ಮುಗಿದರೆ ಇನ್ನೊಂದರಲ್ಲಿ ಬೆಳಗಾಗುವುದು ಇದೇ ಕಾರಣಕ್ಕೆ. ದಾಳ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮಲ್ಲಿತ್ತು.

ಇನ್ನು ಜಗಳದ ಮೂಲಕ್ಕೆ ಬರೋಣ. ಆಟದ ಕಂಪನಿ ನಿಯಮದ ಪುಸ್ತಕ ಮಾರುತ್ತದೆ. ಆದರೆ ಆಡುವವರಿಗೆ ವಾರಕ್ಕೊಂದು ಹೊಸ ಕಥೆ ಬೇಕು, ಹೊಸ ಕೋಟೆ, ಹೊಸ ಕಳ್ಳರು, ಹೊಸ ಜಾತ್ರೆ ಬೇಕು. ಅಷ್ಟನ್ನು ಒಂದು ಕಂಪನಿ ಎಲ್ಲಿಂದ ಕೊಟ್ಟೀತು? ಆಟ ಮಾಡಿದವನು ಮೊದಲನೆಯವ, ಆಡುವವನು ಎರಡನೆಯವ ಎಂದು ಲೆಕ್ಕ ಹಿಡಿದರೆ, ಈ ಕಥೆಗಳನ್ನು ಬರೆದುಕೊಡುವವನು ಮೂರನೆಯವ. ಇಂಥವರಿಗೆ ಕಚೇರಿ ಇಲ್ಲ, ನೌಕರರಿಲ್ಲ. ರಾತ್ರಿ ಕೂತು ಬರೆದು, ನಕ್ಷೆ ಬಿಡಿಸಿ, ಇಪ್ಪತ್ತು ಮೂವತ್ತು ಪುಟದ ಪುಸ್ತಿಕೆ ಮಾಡಿ ಮಾರುತ್ತಾರೆ. ಹೆಚ್ಚಿನವು ಈಗ ಕಂಪ್ಯೂಟರಿನಲ್ಲೇ ಮಾರಾಟವಾಗುತ್ತವೆ. ಈ ಪರಂಪರೆ ಆಟದಷ್ಟೇ ಹಳೆಯದು. ಆಟ ಹುಟ್ಟಿ ಎರಡು ವರ್ಷಕ್ಕೆ, 1976ರಲ್ಲಿ, ಬಾಬ್ ಬ್ಲೆಡ್‌ಸಾ ಎಂಬಾತ ಜಡ್ಜಸ್ ಗಿಲ್ಡ್ ಎಂಬ ಹೆಸರಿನಲ್ಲಿ ಇಡೀ ಒಂದು ಪಟ್ಟಣದ ನಕ್ಷೆ ಮಾಡಿ ಮಾರಿದ. ಆಟದ ಮಾಲಕರಾದ ಟಿ.ಎಸ್.ಆರ್. ಕಂಪನಿಯಿಂದ ಅವನು ಒಪ್ಪಿಗೆ ಪಡೆದಿದ್ದ.

ಒಪ್ಪಿಗೆ ಎಂಬುದು ಕೊಟ್ಟವನ ಮನಸ್ಸಿನ ಮೇಲೆ ನಿಂತದ್ದು. 1990ರ ದಶಕದ ಹೊತ್ತಿಗೆ ಅದೇ ಟಿ.ಎಸ್.ಆರ್. ಎಷ್ಟು ಜನರ ಮೇಲೆ ವಕೀಲರನ್ನು ಬಿಟ್ಟಿತೆಂದರೆ, ಆ ಮೂರಕ್ಷರಕ್ಕೆ 'ಮೇಲಿಂದ ಮೇಲೆ ದಾವೆ ಹೂಡುವವರು' ಎಂದು ಆಡುವವರೇ ಹೊಸ ಅರ್ಥ ಹಚ್ಚಿದರು. 1997ರಲ್ಲಿ ವಿಜರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪನಿ ಅದನ್ನು ಕೊಂಡಿತು, ಅದನ್ನು 1999ರಲ್ಲಿ ಹ್ಯಾಸ್ಬ್ರೋ ಕೊಂಡಿತು. 2000ದಲ್ಲಿ ಒಂದು ಒಳ್ಳೆಯ ಕೆಲಸವಾಯಿತು. ಆಟದ ನಿಯಮಗಳ ದೊಡ್ಡ ಭಾಗವನ್ನು ಯಾರು ಬೇಕಾದರೂ ಬಳಸಿ ತಮ್ಮ ಕಥೆ ಬರೆದು ಮಾರಬಹುದು ಎಂದು ಕಂಪನಿ ಒಂದು ತೆರೆದ ಪರವಾನಗಿ ಬರೆದುಕೊಟ್ಟಿತು. ಸಾವಿರಾರು ಜನ ಅದನ್ನು ನಂಬಿ ಬರೆದರು. ಪೈಜೋ ಎಂಬ ಪ್ರಕಾಶಕರು ಅದರ ಆಧಾರದ ಮೇಲೆಯೇ 2009ರಲ್ಲಿ ಪಾಥ್‌ಫೈಂಡರ್ ಎಂಬ ಬೇರೆ ಆಟವನ್ನೇ ಹೊರತಂದರು. ಎಷ್ಟೋ ಮನೆಗಳ ಒಲೆ ಆ ಪರವಾನಗಿಯ ಮೇಲೆ ಉರಿಯಿತು.

2023ರ ಜನವರಿ ಮೊದಲ ವಾರ ಹೊಸ ಪರವಾನಗಿಯ ಕರಡೊಂದು ಸೋರಿ ಹೊರಬಂತು. ಹಳೆಯದು ಇನ್ನು ನಡೆಯುವುದಿಲ್ಲ. ವರ್ಷಕ್ಕೆ 7,50,000 ಡಾಲರಿಗಿಂತ ಹೆಚ್ಚು ವ್ಯಾಪಾರವಾದರೆ ಅದರ ಮೇಲಿನ ಹಣದಲ್ಲಿ ನೂರಕ್ಕೆ 25 ಪಾಲು ಕಂಪನಿಗೆ. ನೀವು ಬರೆದದ್ದನ್ನು ಕಂಪನಿ ನಿಮಗೆ ಕಾಸು ಕೊಡದೆ ಬಳಸಿಕೊಳ್ಳಬಹುದು. ಕರಡಿನ ಸಾರ ಇಷ್ಟು. ಕೊನೆಯ ಮಾತನ್ನು ಇನ್ನೊಮ್ಮೆ ಓದಿರಿ. ಇಪ್ಪತ್ತೆರಡು ವರ್ಷ ಲಾವಣಿಗೆ ಬಿಟ್ಟ ಹೊಲದಲ್ಲಿ ರೈತ ಬಾವಿ ತೋಡಿ, ಬದು ಹಾಕಿ, ಮಾವು ನೆಟ್ಟ ಮೇಲೆ, ಹೊಲದ ಧಣಿ ಬಂದು ಮಾವೂ ತನ್ನದೇ ಅಂದ ಹಾಗೆ. ಆಡುವವರೂ ಬರೆಯುವವರೂ ಒಂದಾಗಿ ಎದ್ದರು, ಕಂಪನಿಗೆ ಕಟ್ಟುವ ತಿಂಗಳ ಚಂದಾ ನಿಲ್ಲಿಸಿದರು. ಜನವರಿ 27ಕ್ಕೆ ಕಂಪನಿ ಹಿಂದೆ ಸರಿಯಿತು. ಹಳೆಯ ಪರವಾನಗಿಯನ್ನು ಮುಟ್ಟುವುದಿಲ್ಲ ಎಂದಿತು. ಅಷ್ಟೇ ಅಲ್ಲ, ಸುಮಾರು 400 ಪುಟದ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಸಾರ್ವಜನಿಕ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದನ್ನು ಮತ್ತೆ ಹಿಂದಕ್ಕೆ ಪಡೆಯಲಿಕ್ಕಾಗುವುದಿಲ್ಲ. ಅದರ ಷರತ್ತು ಒಂದೇ: ಬಳಸು, ತಿದ್ದು, ಮಾರು, ಎಲ್ಲಿಂದ ಪಡೆದೆ ಎಂದು ಹೆಸರು ಹೇಳು.

ಈ ಗೆಲುವಿನಿಂದ ನನಗೆ ಸಂತೋಷವಾಯಿತು, ಸಮಾಧಾನವಾಗಲಿಲ್ಲ. ಧಣಿಯ ಮನಸ್ಸು ಬದಲಾಗಿಲ್ಲ, ಆ ಹೊತ್ತಿನ ಲೆಕ್ಕ ಬದಲಾಯಿತು, ಅಷ್ಟೇ. 'ಚೌಕಟ್ಟು ನನ್ನದು, ಆದ್ದರಿಂದ ಅದರೊಳಗೆ ಹುಟ್ಟುವುದೆಲ್ಲ ನನ್ನ ಕೃಪೆ' ಎಂಬ ತಿಳಿವಳಿಕೆಯೇ ಮೂಲ ರೋಗ. ಕಾಯಿದೆಯೂ ಅದನ್ನು ಪೂರ್ತಿ ಒಪ್ಪುವುದಿಲ್ಲ. ಅಮೆರಿಕದ ಸುಪ್ರೀಂ ಕೋರ್ಟು 1879ರಲ್ಲಿ ಬೇಕರ್ ವಿರುದ್ಧ ಸೆಲ್ಡನ್ ಎಂಬ ಖಟ್ಲೆಯಲ್ಲಿ ಒಂದು ತೀರ್ಪು ಕೊಟ್ಟಿತು. ಸೆಲ್ಡನ್ ಎಂಬವನು ಲೆಕ್ಕ ಬರೆಯುವ ಹೊಸ ಪದ್ಧತಿಯ ಬಗ್ಗೆ ಪುಸ್ತಕ ಬರೆದಿದ್ದ. ಪುಸ್ತಕದ ಬರಹ ಅವನದು, ಲೆಕ್ಕ ಬರೆಯುವ ಪದ್ಧತಿ ಮಾತ್ರ ಅವನೊಬ್ಬನ ಸೊತ್ತಾಗದು ಎಂದಿತು ಕೋರ್ಟು. ನಮ್ಮ ಪೇಟೆಯ ಸಾವಕಾರನೊಬ್ಬ ಕೀರ್ದಿ-ಖಾತೆ ಇಡುವ ರೀತಿ ತನ್ನದೆಂದು ಉಳಿದ ಅಂಗಡಿಗಳನ್ನು ಮುಚ್ಚಿಸಹೋದರೆ ನಕ್ಕುಬಿಡುತ್ತೇವಲ್ಲ, ಹಾಗೆ. ದಾಳ ಒಗೆದು ಇಂತಿಷ್ಟು ಬಿದ್ದರೆ ಬಾಗಿಲು ತೆರೆಯಿತು ಎಂಬ ನಿಯಮವೂ ಇದೇ ಜಾತಿಯದು. ಕಂಪನಿಯ ಹೆಸರು, ಅದರ ಗುರುತು, ಅದರ ಪುಸ್ತಕದ ಮಾತು, ಅದು ಸೃಷ್ಟಿಸಿದ ಪಾತ್ರಗಳು ಖಂಡಿತ ಅದರವು. ಆಟ ಆಡುವ ರೀತಿಗೆ ಬೇಲಿ ಹಾಕಲು ಬರುವುದಿಲ್ಲ.

ಇದನ್ನು ನಮ್ಮ ಹಳ್ಳಿಯ ಹಾಡುಗಾರರು ಕೋರ್ಟಿಗೆ ಹೋಗದೆ ತಿಳಿದುಕೊಂಡಿದ್ದರು. ಹಳೆಯ ಹಾಡಿನ ಪುಸ್ತಕಗಳನ್ನು ತೆಗೆದು ನೋಡಿರಿ. ಹಾಡಿನ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ, ಇಂಥ ಹಾಡಿನ ಧಾಟಿ, ಇಂಥ ಪದದ ಮಟ್ಟು ಎಂದು. ಹಾಡಿನ ಕೊನೆಯ ನುಡಿಯಲ್ಲಿ ಕವಿಯ ಊರು, ಗುರುವಿನ ಹೆಸರು, ತನ್ನ ಹೆಸರು ಇರುತ್ತದೆ, ಅದು ಅಂಕಿತ. ಮೇಲಿನ ಸಾಲು 'ಈ ಚೌಕಟ್ಟು ನಾನು ಮಾಡಿದ್ದಲ್ಲ, ಇಂಥಲ್ಲಿಂದ ತಂದೆ' ಎನ್ನುತ್ತದೆ. ಕೆಳಗಿನ ನುಡಿ 'ಇದರೊಳಗಿನ ಮಾತು ನಾನು ಕಟ್ಟಿದ್ದು' ಎನ್ನುತ್ತದೆ. ಮಟ್ಟು ಬಳಸಲು ಯಾರೂ ಯಾರಿಗೂ ಅರ್ಜಿ ಹಾಕಲಿಲ್ಲ, ಅಂಕಿತ ಅಳಿಸಲು ಯಾರಿಗೂ ಅಧಿಕಾರವಿರಲಿಲ್ಲ. 2023ರಲ್ಲಿ ಅಷ್ಟು ದೊಡ್ಡ ಕಂಪನಿ ಬಡಿಸಿಕೊಂಡು ಕಲಿತ ಪಾಠ ನಮ್ಮಲ್ಲಿ ಎರಡು ಸಾಲಿನೊಳಗೆ ಇತ್ತು.

ಮೂರನೆಯವರು ಇಲ್ಲದಿದ್ದರೆ ನಮ್ಮ ಆಟಗಳೇ ಇರುತ್ತಿರಲಿಲ್ಲ. ಅಪರಾಳ ತಮ್ಮಣ್ಣನ ಪಾರಿಜಾತದ ಹಾಡುಗಳನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಕೈಗೆತ್ತಿಕೊಂಡು ತಿದ್ದಿ, ಬೆಳೆಸಿ, ರಂಗಕ್ಕೆ ತಂದ. ಅವನು ಕಟ್ಟಿದ್ದನ್ನು ಕೌಜಲಗಿ ನಿಂಗಮ್ಮ ಊರೂರಿಗೆ ಒಯ್ದಳು. ಇಬ್ಬರು ತಮ್ಮಣ್ಣರ ಹೆಸರೂ ಉಳಿದಿವೆ. ಎರಡನೆಯ ತಮ್ಮಣ್ಣ ಮೊದಲನೆಯವನ ಮನೆಯ ಬಾಗಿಲಲ್ಲಿ ಪರವಾನಗಿಗಾಗಿ ನಿಲ್ಲಬೇಕಾಗಿದ್ದರೆ ಕೃಷ್ಣ ಪಾರಿಜಾತ ಒಂದು ಕಟ್ಟು ಹಾಳೆಯಾಗಿ ಮಾಡದಲ್ಲಿ ಉಳಿಯುತ್ತಿತ್ತು. ಹರದೇಶಿ-ನಾಗೇಶಿ ನೋಡಿರಿ. ಒಂದು ಮೇಳ ಗಂಡು ಹೆಚ್ಚೆಂದು ಹಾಡುತ್ತದೆ, ಇನ್ನೊಂದು ಹೆಣ್ಣು ಹೆಚ್ಚೆಂದು ಎದುರು ನಿಲ್ಲುತ್ತದೆ. ಒಬ್ಬರ ಸವಾಲಿಗೆ ಇನ್ನೊಬ್ಬರು ಪದ ಕಟ್ಟಿ ಜವಾಬು ಕೊಡಬೇಕು. ಇನ್ನೊಬ್ಬನ ಚೌಕಟ್ಟಿನೊಳಗೆ ಕಟ್ಟುವುದೇ ಅಲ್ಲಿ ಕಸುಬು. ರಾಮದುರ್ಗ ಸೀಮೆಯ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಗೆ ಗೀಗೀ ಪದ ಕಟ್ಟಿದಾಗ ಗೀಗೀಯ ಚೌಕಟ್ಟನ್ನು ಅವನೇನೂ ಹೊಸದಾಗಿ ಹುಟ್ಟಿಸಲಿಲ್ಲ. ಇದ್ದ ಚೌಕಟ್ಟಿನಲ್ಲಿ ಬ್ರಿಟಿಷರನ್ನು ಬೈದ. ಊರಿನ ಹೆಸರಿನೊಂದಿಗೆ ಅವನ ಹೆಸರು ಉಳಿಯಿತು.

ಇಷ್ಟರವರೆಗೆ ನಮ್ಮ ಹೆಮ್ಮೆಯ ಮಾತಾಯಿತು. ಇನ್ನು ನಮ್ಮ ಪಾಪದ ಮಾತು. ಕಂಪನಿ 'ಎಲ್ಲವೂ ನನ್ನದು' ಎಂದು ಕಟ್ಟಿದವನನ್ನು ದೋಚುತ್ತದೆ. ನಾವು 'ಇದು ಯಾರದೂ ಅಲ್ಲ' ಎಂದು ದೋಚುತ್ತೇವೆ. ನಾವು ಬಳಸುವ ಸಲಕರಣೆಯ ಹೆಸರು ಜಾನಪದ. ಒಂದು ಹಾಡಿಗೆ ಜಾನಪದ ಎಂಬ ಚೀಟಿ ಅಂಟಿಸಿದ ಕ್ಷಣದಿಂದ ಅದಕ್ಕೆ ತಂದೆತಾಯಿ ಇಲ್ಲವಾಗುತ್ತಾರೆ. ಸಂಗ್ರಹಿಸಿದವನ ಹೆಸರು ಮುಖಪುಟದ ಮೇಲೆ ಬರುತ್ತದೆ, ಹಾಡಿದವಳ ಹೆಸರು ಬಂದರೆ ಹಿಂದಿನ ಪುಟದಲ್ಲಿ, ಕಟ್ಟಿದವನ ಹೆಸರು ಎಲ್ಲಿಯೂ ಇಲ್ಲ. ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ ಎಂಬುದು ಓದಿದವರಿಗೆಲ್ಲ ಗೊತ್ತು. ಅಂಥ ಲಾವಣಿಗಳನ್ನು ಕಟ್ಟಿದವರಾರೆಂದು ಎಷ್ಟು ಜನ ಕೇಳಿದ್ದೇವೆ? ರಾಗಿ ಬೀಸುವ ಹಾಡಿನಂತೆ ನಿಜಕ್ಕೂ ನೂರು ಬಾಯಿಯಲ್ಲಿ ಬೆಳೆದ ಹಾಡುಗಳಿವೆ, ಅವುಗಳ ಮಾತು ಬೇರೆ. ಅಂಕಿತ ಇಟ್ಟುಕೊಂಡ ಹಾಡನ್ನೂ ಅದೇ ಚೀಲಕ್ಕೆ ತುಂಬುವುದು ಸೋಮಾರಿತನ. ಅದರಲ್ಲಿ ರೊಕ್ಕದ ಲಾಭವಿದ್ದರೆ ಕಳ್ಳತನ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಮಾಸ್ತರರಿದ್ದರು. ಶಾಲೆಯ ಮಾಸ್ತರರಲ್ಲ, ಆಟ ಕಲಿಸುವ ಮಾಸ್ತರರು. ಗೀಗೀ ಪದ ಕಟ್ಟುತ್ತಿದ್ದರು, ಹಾಲುಮತದ ಮನೆಗಳಿಗೆ ಡೊಳ್ಳಿನ ಪದ ಬರೆದುಕೊಡುತ್ತಿದ್ದರು. ಊರವರು ಕೊಟ್ಟ ಆಯೇರ, ಒಂದು ಚೀಲ ಜೋಳ, ಕಲಿಸಿದ ಹಳ್ಳಿಯಿಂದ ಒಂದಿಷ್ಟು ರೊಕ್ಕ, ಅಷ್ಟೇ ಅವರ ಗಳಿಕೆ. ಕ್ಯಾಸೆಟ್ಟಿನ ಕಾಲ ಬಂದಾಗ, 1990ರ ದಶಕದಲ್ಲಿ, ಒಂದು ಕಂಪನಿಯವರು ಅವರ ಶಿಷ್ಯರ ಮೇಳವನ್ನು ಕರೆಸಿ ಹಾಡಿಸಿಕೊಂಡರು. ಹಾಡು ಉದ್ದವಾಯಿತೆಂದು ಕೊನೆಯ ನುಡಿ ಕತ್ತರಿಸಿದರು. ಕೊನೆಯ ನುಡಿಯಲ್ಲಿ ಏನಿರುತ್ತದೆಂದು ನಿಮಗೆ ಈಗಾಗಲೇ ಗೊತ್ತು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ 'ಸಾಹಿತ್ಯ: ಜಾನಪದ' ಎಂದು ಅಚ್ಚಾಯಿತು. ಮಾಸ್ತರರು ಅದನ್ನು ಕಿರಾಣಿ ಅಂಗಡಿಯಲ್ಲಿ ತಾವೇ ರೊಕ್ಕ ಕೊಟ್ಟು ಕೊಂಡು ತಂದರು. ಹೊದಿಕೆಯನ್ನು ತಿರುವಿ ಮುರುವಿ ನೋಡಿ "ಜಾನಪದ ಅಂತಂದ್ರ ನಾನs ಏನಪಾ?" ಎಂದು ನನ್ನನ್ನು ಕೇಳಿದರು. ನಕ್ಕರು. ನನಗೆ ನಗಲಾಗಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಾಸ್ತರರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ಅವರ ಮೊಮ್ಮಗ ಅಜ್ಜನ ವಹಿ ನೋಡಿ, ಅದೇ ಹಾಡನ್ನು ಕೊನೆಯ ನುಡಿಯ ಸಮೇತ ತಾನೇ ಹಾಡಿ, ಮೊಬೈಲಿನಲ್ಲಿ ತುಂಬಿ ಯೂಟ್ಯೂಬಿಗೆ ಹಾಕಿದ. ನಾಲ್ಕು ದಿನಕ್ಕೆ ಅವನಿಗೆ ಸೂಚನೆ ಬಂತು: ಈ ಹಾಡಿನ ಹಕ್ಕು ಇಂಥ ಕಂಪನಿಯದು, ಇದರಿಂದ ಬರುವ ಜಾಹೀರಾತಿನ ಹಣವೂ ಅವರದು. ಹುಡುಗ ನನ್ನ ಹತ್ತಿರ ಬಂದ. "ಕಾಕಾ, ನಮ್ಮಜ್ಜನ ಹಾಡಿಗೆ ಅವ್ರು ಮಾಲಕರಂತರಿ. ಅಜ್ಜನ ವಹಿ ತೋರಿಸಿದ್ರ ನಡೀತದೇನ್ರಿ?" ಎಂದ. ಈಗ ಗಮನಿಸಿರಿ. ಹೊದಿಕೆಯ ಮೇಲೆ ಯಾರದೂ ಅಲ್ಲ ಎಂದು ಬರೆದವರೇ ಈಗ ತಮ್ಮದು ಎನ್ನುತ್ತಿದ್ದಾರೆ. ಯಾರದೂ ಅಲ್ಲದ ಹೊಲಕ್ಕೆ ಮೊದಲು ಬೇಲಿ ಹಾಕಿದವನು ಧಣಿಯಾಗುತ್ತಾನೆ. ಎರಡು ಪಾಪಗಳೆಂದು ನಾನು ಹೇಳಿದ್ದು ಅವಳಿ ಮಕ್ಕಳೆಂಬುದು ನನಗೆ ಆವತ್ತು ತಿಳಿಯಿತು.

ಅವನಿಗೆ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾದೀತು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಅದರ ಪ್ರಕಾರ ಧ್ವನಿಮುದ್ರಣದ ಹಕ್ಕು ಬೇರೆ, ಹಾಡಿನ ಸಾಹಿತ್ಯದ ಹಕ್ಕು ಬೇರೆ. ಮುದ್ರಿಸಿದವನು ತನ್ನ ಮುದ್ರಣಕ್ಕೆ ಮಾಲಕ. ಕವಿ ಬರೆದುಕೊಡದೆ ಸಾಹಿತ್ಯಕ್ಕೆ ಮಾಲಕನಾಗುವುದಿಲ್ಲ. ಕವಿ ಸತ್ತ ಮೇಲೂ 60 ವರ್ಷ ಆ ಹಕ್ಕು ವಾರಸುದಾರರಿಗೆ ಇರುತ್ತದೆ. 19ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಡುವುದು ಕಾಗದದ ಮೇಲೆ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆಂದು ಆ ಕಾಗದದಲ್ಲಿ ಬರೆಯದಿದ್ದರೆ ಐದೇ ವರ್ಷಕ್ಕೆಂದು ತಿಳಿಯಬೇಕು. 57ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಹಕ್ಕು ಮಾರಿಕೊಂಡ ಮೇಲೂ 'ಇದನ್ನು ಬರೆದವ ನಾನು' ಎಂದು ಹೇಳಿಕೊಳ್ಳುವ ಅಧಿಕಾರ ಬರೆದವನಿಂದ ಹೋಗುವುದಿಲ್ಲ. ಅಂದರೆ ದಿಲ್ಲಿಯ ಕಾಯಿದೆಯಲ್ಲಿ ನಮ್ಮ ಅಂಕಿತಕ್ಕೆ ಒಂದು ಕಲಮು ಇದೆ. ಅದನ್ನು ನಮ್ಮ ಹಾಡುಗಾರರಿಗೆ ಯಾರೂ ಓದಿ ಹೇಳಲಿಲ್ಲ.

ಇನ್ನು ನನ್ನ ತಂಗಿಯ ಮಗನ ವಿಷಯ. ಅವನೂ ಒಬ್ಬ ಮೂರನೆಯವ. ಅಮೆರಿಕದವರ ನಿಯಮ ಇಟ್ಟುಕೊಂಡು ಇಂಗ್ಲಿಷಿನಲ್ಲಿ ಆಟದ ಕಥೆ ಬರೆದು ಮಾರುತ್ತಾನೆ. 2023ರ ಗದ್ದಲದಲ್ಲಿ ಕಂಪನಿಯ ಮೇಲೆ ಕೆಂಡ ಕಾರಿದವರಲ್ಲಿ ಅವನೊಬ್ಬ. ಅವನು ಬರೆದ ಒಂದು ಪುಸ್ತಿಕೆ ನನಗೆ ಬಹಳ ಹಿಡಿಸಿತು. ಬೈಲಹೊಂಗಲದ ಪೇಟೆ, ಪರಊರಿಗೆ ವ್ಯಾಪಾರಕ್ಕೆ ಹೋದ ಈರಣ್ಣ, ಮನೆಯಲ್ಲಿ ಗಂಗಿ, ಅವಳ ಮೇಲೆ ಮನಸ್ಸಿಟ್ಟ ಸಂಗ್ಯಾ, ಗೆಳೆಯ ಬಾಳ್ಯಾ. ಸಂಗ್ಯಾ-ಬಾಳ್ಯಾದಲ್ಲಿ ಬಾಳ್ಯಾ ಕಡೆಗೆ ಗೆಳೆಯನನ್ನು ಹಿಡಿದುಕೊಡುತ್ತಾನೆ, ಸಂಗ್ಯಾ ಸಾಯುತ್ತಾನೆ. ಹುಡುಗನ ಆಟದಲ್ಲಿ ಬಾಳ್ಯಾನ ಪಾತ್ರ ವಹಿಸಿದವನೇ ಅದನ್ನು ತೀರ್ಮಾನಿಸಬೇಕು. ಎದುರಿಗೆ ಈರಣ್ಣನ ತಮ್ಮಂದಿರು, ಬೆನ್ನ ಹಿಂದೆ ಗೆಳೆತನ, ಕೈಯಲ್ಲಿ ದಾಳ. ಹಾಡಿನಲ್ಲಿ ನೂರು ಸಲ ಕೇಳಿದ ದ್ರೋಹವನ್ನು ಸ್ವತಃ ಮಾಡಬೇಕಾಗಿ ಬಂದಾಗ ಕೈ ನಡುಗುತ್ತದೆ. ಇದು ಒಳ್ಳೆಯ ಕೆಲಸ.

ಆದರೆ ಪುಸ್ತಿಕೆಯ ಮೊದಲ ಪುಟದಲ್ಲಿ ಕಂಪನಿಯ ನಿಯಮಗಳಿಗೆ ಕ್ರಮಬದ್ಧವಾಗಿ ಹೆಸರು ಸಲ್ಲಿಸಿದ್ದ, ಅದರ ಕೆಳಗೆ 'ಕರ್ನಾಟಕದ ಒಂದು ಜಾನಪದ ಕಥೆಯನ್ನು ಆಧರಿಸಿದ್ದು' ಎಂದು ಹಾಕಿದ್ದ. ಪತ್ತಾರ ಮಾಸ್ತರನ ಹೆಸರಿರಲಿಲ್ಲ. ನಮ್ಮ ನೆಲದಲ್ಲಿ ನಡೆದ ಕೊಲೆಯೊಂದನ್ನು ಆಟ ಮಾಡಿ ಕಟ್ಟಿದವನು ಪತ್ತಾರ ಮಾಸ್ತರ. ಚಂದ್ರಶೇಖರ ಕಂಬಾರರು ಸಂಪಾದಿಸಿ ಅಚ್ಚು ಹಾಕಿಸಿದ ಮೇಲೆ ಓದಿದವರಿಗೂ ಅದು ತಲುಪಿತು. ಕೇಳಿದೆ. "ಮಾಮಾ, ಅದು ಜಾನಪದ ಅಲ್ಲೇನು? ಜಾನಪದಕ್ಕ ಯಾರ ಹೆಸರು ಹಾಕೂದು?" ಎಂದ. "ಹಂಗಾದ್ರ ನಿಂದೂ ಜಾನಪದನs ಆತಲ್ಲೋ. ನಿನ್ನ ಹೆಸರು ಯಾಕ ಹಾಕಿದಿ?" ಎಂದೆ. ಸುಮ್ಮನಾದ. ಜಾಣ ಹುಡುಗ, ಮರು ಆವೃತ್ತಿಯಲ್ಲಿ ತಿದ್ದಿದ. ಅಮೆರಿಕದ ಕಂಪನಿಯ ಹೆಸರು ಹೇಳದಿದ್ದರೆ ವಕೀಲರು ಬರುತ್ತಾರೆ, ಪತ್ತಾರ ಮಾಸ್ತರನ ಹೆಸರು ಹೇಳದಿದ್ದರೆ ಯಾರೂ ಬರುವುದಿಲ್ಲ. ಯಾರೂ ಬರದ ಕಡೆಗೂ ಹೆಸರು ಹೇಳುವವನಿಗೆ ಮಾತ್ರ ಬರುವ ಕಡೆ ಜಗಳಾಡುವ ಅಧಿಕಾರ.

ನನ್ನ ವಾದಕ್ಕೆ ಎದುರು ವಾದಗಳಿವೆ, ಬಲ್ಲೆ. ಚೌಕಟ್ಟು ಹಾಕಿದವನು ಹಣ ಹಾಕಿದ್ದಾನೆ, ಅವನಿಗೆ ಪಾಲು ಬೇಡವೆ ಎನ್ನುತ್ತಾರೆ. ಅವನ ಹೆಸರಿನಡಿ, ಅವನ ಅಂಗಡಿಯಲ್ಲಿ, ಅವನ ಪಾತ್ರಗಳನ್ನು ಬಳಸಿ ಮಾರಿದರೆ ಪಾಲು ಕೊಡೋಣ. 2016ರಲ್ಲಿ ಅದೇ ಕಂಪನಿ ಡಿ.ಎಮ್ಸ್ ಗಿಲ್ಡ್ ಎಂಬ ಅಂಗಡಿ ತೆರೆಯಿತು. ಮಾರಾಟದಲ್ಲಿ ಅರ್ಧ ಬರೆದವನಿಗೆ, ಉಳಿದ ಅರ್ಧ ಕಂಪನಿಗೂ ಅಂಗಡಿಗೂ. ಅಲ್ಲಿ ಇಟ್ಟದ್ದನ್ನು ಬೇರೆಡೆ ಮಾರುವಂತಿಲ್ಲ. ತಿಳಿದು ಒಪ್ಪುವವನು ಒಪ್ಪಲಿ, ಅದು ವ್ಯವಹಾರ. ಬರೀ ನಿಯಮ ಬಳಸಿ ತನ್ನ ಕಥೆ ತಾನು ಮಾರಿಕೊಳ್ಳುವವನಿಂದ ಪಾಲು ಕೇಳುವುದು ವ್ಯವಹಾರವಲ್ಲ, ಜಹಗೀರುದಾರಿಕೆ.

ಬಾಗಿಲು ತೆರೆದಿಟ್ಟರೆ ಕಸ ತುಂಬುತ್ತದೆ ಎಂಬುದು ಎರಡನೆಯ ವಾದ. ತುಂಬುತ್ತದೆ. ಸಣ್ಣಾಟಗಳಲ್ಲೂ ಕಸ ಬಹಳವಿತ್ತು. ಆಟ ಹಳಸಿದರೆ ಜನ ಎದ್ದು ಚಹಾದ ಅಂಗಡಿಗೆ ಹೋಗುತ್ತಿದ್ದರು, ಮರುವರ್ಷ ಆ ಮೇಳಕ್ಕೆ ವೀಳ್ಯ ಸಿಗುತ್ತಿರಲಿಲ್ಲ. ಕಸ ಗುಡಿಸಲು ಅಷ್ಟು ಸಾಕು, ವಕೀಲರು ಬೇಡ. ಮೂರನೆಯ ವಾದ ನಮ್ಮವರದೇ: ಹಳ್ಳಿಯ ಹಾಡು ಎಲ್ಲರದು, ಹೆಸರು ಹಕ್ಕು ಎಂದು ಸುರುಮಾಡಿದರೆ ಹಂಚಿಕೊಳ್ಳುವ ಗುಣ ಸಾಯುತ್ತದೆ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ತಮ್ಮ ಪ್ರಬಂಧಕ್ಕೆ ತಮ್ಮ ಹೆಸರು ಹಾಕಿಕೊಂಡು, ಅದರ ಮೇಲೆ ಪದವಿ ಪಡೆದವರು. ಹಂಚಿಕೊಳ್ಳುವ ಗುಣ ಮತ್ತು ಅಂಕಿತ ನಮ್ಮಲ್ಲಿ ಒಂದೇ ಹಾಡಿನಲ್ಲಿ ಬಾಳಿದ್ದವು. ಅಂಕಿತ ಬೇಲಿಯಲ್ಲ, ವಿಳಾಸ. ಹಾಡು ಎಷ್ಟು ದೂರ ಹೋದರೂ ಎಲ್ಲಿಂದ ಹೊರಟಿತೆಂದು ಅದು ಹೇಳುತ್ತದೆ.

ಹಾಗಾದರೆ ಏನು ಮಾಡಬೇಕು? ಆಟದ ಕಥೆ ಬರೆಯುವ ನಮ್ಮ ಹುಡುಗ ಹುಡುಗಿಯರು ಪರವಾನಗಿಯನ್ನು ಪೂರ್ತಿ ಓದಬೇಕು. ಕೊಟ್ಟವನು ಬೇಕಾದಾಗ ಹಿಂದಕ್ಕೆ ಪಡೆಯಬಲ್ಲ ಕಾಗದದ ಮೇಲೆ ವರ್ಷಗಟ್ಟಲೆ ದುಡಿಮೆ ಸುರಿಯಬಾರದು. ತಾವು ಕಟ್ಟಿದ ನಿಯಮಗಳನ್ನು ಇನ್ನೊಬ್ಬರಿಗೆ ಹಾಗೆಯೇ ತೆರೆದಿಡಬೇಕು, ಇಲ್ಲದಿದ್ದರೆ ನಾಳೆ ಅವರೂ ಧಣಿಗಳೇ. ಕನ್ನಡದಲ್ಲಿ ಬರೆಯಬೇಕು. ಇಲ್ಲಿ ಚೆನ್ನಮ್ಮನ ಕೋಟೆಯಿದೆ, ಎಲ್ಲಮ್ಮನ ಗುಡ್ಡದ ಹುಣ್ಣಿಮೆಯ ಜಾತ್ರೆಯಿದೆ, ಬೆಳವಡಿಯ ಮಲ್ಲಮ್ಮ ಇದ್ದಾಳೆ. ಹಾಡು ಮುದ್ರಿಸುವವರು ಕೊನೆಯ ನುಡಿ ಕತ್ತರಿಸಬಾರದು. ಸಂಗ್ರಹ ಮಾಡುವ ವಿದ್ಯಾರ್ಥಿಗಳು 'ಯಾರು ಕಟ್ಟಿದ್ದು?' ಎಂಬ ಪ್ರಶ್ನೆಯನ್ನು ಹಾಡಿದವರಿಗೆ ಮೊದಲು ಕೇಳಬೇಕು, ಗೊತ್ತಿಲ್ಲವೆಂದರೆ ಪಕ್ಕದೂರಿನಲ್ಲಿ ಕೇಳಬೇಕು. ಹಳ್ಳಿಗಳಲ್ಲಿ ಇನ್ನೂ ಟ್ರಂಕಿನಲ್ಲಿ, ಮಾಡದಲ್ಲಿ, ಗೆದ್ದಲಿನ ಬಾಯಲ್ಲಿ ಆಟದ ವಹಿಗಳಿವೆ. ಒಂದೊಂದರ ಕೊನೆಯ ಪುಟದಲ್ಲಿ ಒಬ್ಬೊಬ್ಬ ಮಾಸ್ತರನ ಹೆಸರು ಕೂತಿದೆ.

ಮಾಸ್ತರರ ಮೊಮ್ಮಗ ವಹಿಯ ಪುಟದ ಫೋಟೋ ತೆಗೆದು, ತಕರಾರು ಬರೆದು ಕಳಿಸಿದ್ದಾನೆ. ಉತ್ತರ ಬಂದಿಲ್ಲ. ಬರದಿದ್ದರೂ ಹಾಡು ತೆಗೆಯುವುದಿಲ್ಲ ಎಂದಿದ್ದಾನೆ. ಹಾಡಿನ ಮಟ್ಟು ಅವನದಲ್ಲ, ಅವನ ಅಜ್ಜನದೂ ಅಲ್ಲ, ಅದನ್ನು ಯಾರು ಬೇಕಾದರೂ ಹಾಡಿಕೊಳ್ಳಲಿ, ಅದರಲ್ಲಿ ಹೊಸ ಪದ ಕಟ್ಟಲಿ. ಕೊನೆಯ ನುಡಿಯಲ್ಲಿರುವ ಆರಕ್ಷರದ ಹೆಸರು ಮಾತ್ರ ಅವನ ಅಜ್ಜನದು. ಅಷ್ಟನ್ನು ಬಿಟ್ಟುಕೊಡು ಎಂದು ಅವನಿಗೆ ಹೇಳುವ ಅಧಿಕಾರ ಯಾವ ಕಂಪನಿಗೂ ಇಲ್ಲ, ಯಾವ ಪಂಡಿತನಿಗೂ ಇಲ್ಲ.